ಮೊಣಕಾಲಿಗೆ ಹತ್ತಿದ ಸುಣ್ಣ

ಆ ಆಟಕ್ಕೆ ಟಿವಿಯವರು ಕೊಟ್ಟ ಹೆಸರು ಕುಂಡಿನೂಕು. ನನ್ನ ಹೆಂಡತಿ ಮಾರ್ಲೀನ್ ಊಟದ ಮೇಜಿನ ಹತ್ತಿರ ಆ ಪದ ಆಡಗೊಡುವುದಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಅದು ಬರೀ ‘ನೂಕು’. ಹೆಸರು ಯಾವುದಾದರೇನು, ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಎಂಟು ಊರಿನವರು ಸೇರಿ ಅದನ್ನು ನಿಷೇಧಿಸೋಣ ಎಂದು ಮೊದಲು ಬಾಯಿಬಿಟ್ಟವನು ಪಕ್ಕದೂರು ಹೆಲ್ಮ್ಸ್‌ಬರ್ಗಿನ ಕೋಚ್ ವೆಂಡೆಲ್ ಸ್ಟ್ರಾಸ್. ಆದರೆ ಅವನಿಗಿಂತ ಮುಂಚೆ ಮನಸ್ಸಿನಲ್ಲೇ ನಿಷೇಧಿಸಿದವನು ನಾನು. ಕಷ್ಟ ಏನೆಂದರೆ, ಆ ನೂಕಿನ ಬುಡದಲ್ಲಿ ಇರುತ್ತಿದ್ದವನು ನನ್ನ ಮಗ.

ನಮ್ಮ ಫುಟ್‌ಬಾಲಿನಲ್ಲಿ , ಅಂದರೆ ಅಮೆರಿಕದ ಫುಟ್‌ಬಾಲಿನಲ್ಲಿ, ಚೆಂಡನ್ನು ಎದೆಗವಚಿಕೊಂಡು ಮುಂದಕ್ಕೆ ನುಗ್ಗಬೇಕು. ನಾಲ್ಕು ಸಲದೊಳಗೆ ಹತ್ತು ಗಜ ಹೋದರೆ ಚೆಂಡು ನಿಮ್ಮದೇ, ಮತ್ತೆ ನಾಲ್ಕು ಸಲ ಸಿಗುತ್ತದೆ; ಹೋಗದಿದ್ದರೆ ಚೆಂಡು ಎದುರಿನವರಿಗೆ. ಮೂರು ಸಲ ಮುಗಿದು ಇನ್ನು ಅರ್ಧ ಗಜ ಉಳಿದಾಗ ಏನು ಮಾಡುವುದೆಂದು ಹಿಂದಿನ ಕೋಚ್‌ಗಳು ತಲೆ ಕೆರೆದುಕೊಳ್ಳುತ್ತಿದ್ದರು. ಈಗ ಆ ತಲೆನೋವಿಲ್ಲ. ಸೆಂಟರ್ ಆಡುವವನು ಚೆಂಡಿನ ಮೇಲೆ ಬಗ್ಗಿ, ಕಾಲ ಸಂದಿಯಿಂದ ಅದನ್ನು ಹಿಂದಿನವನ ಕೈಗೆ ಕೊಡುತ್ತಾನೆ. ಆ ಹಿಂದಿನವನ ಕುಂಡಿಗೆ ಇನ್ನಿಬ್ಬರು ಕೈಕೊಟ್ಟು ನೂಕುತ್ತಾರೆ. ಎಲ್ಲರೂ ಒಟ್ಟಾಗಿ ಎದುರಿನವರ ಮೇಲೆ ಬೀಳುತ್ತಾರೆ. ರಾಶಿ ಬಿಡಿಸಿ ನೋಡಿದರೆ ಚೆಂಡು ಒಂದು ಗಜ ಮುಂದೆ. ಫಿಲಡೆಲ್ಫಿಯಾದ ದೊಡ್ಡ ತಂಡ ಇದನ್ನು ಟಿವಿಯಲ್ಲಿ ಮಾಡಿ ಮಾಡಿ, ನಮ್ಮ ಕಲ್ಲಿದ್ದಲು ಗುಡ್ಡದ ಹುಡುಗರಿಗೆಲ್ಲ ಕಲಿಸಿಬಿಟ್ಟಿತು. ಸಿಕ್ಕಿಹಾಕಿಕೊಂಡ ಲಾರಿ ನೂಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನಾನು ಎಲ್ಲರನ್ನೂ ಕೇಳುತ್ತಿದ್ದೆ. ಚಳಿಗಾಲದಲ್ಲಿ ರಸ್ತೆಯ ಹಿಮ ಸರಿಸುವ ಲಾರಿ ಓಡಿಸುವುದು ನನ್ನ ಕೆಲಸ, ಆ ವಿಷಯ ನನಗೆ ಚೆನ್ನಾಗಿ ಗೊತ್ತು.

ಶುಕ್ರವಾರ ಸಂಜೆ ಮಾತ್ರ ನಾನು ಸರಪಳಿಯವನು. ಹತ್ತು ಗಜದ ಸರಪಳಿ, ಎರಡು ತುದಿಗೆ ಎರಡು ಕಿತ್ತಳೆ ಬಣ್ಣದ ಕೋಲು. ಚೆಂಡು ಎಲ್ಲಿಂದ ಹೊರಟಿತೋ ಅಲ್ಲಿ ಹಿಂದಿನ ಕೋಲು, ಎಲ್ಲಿಗೆ ಮುಟ್ಟಬೇಕೋ ಅಲ್ಲಿ ಮುಂದಿನ ಕೋಲು. ಇಪ್ಪತ್ತೇಳು ವರ್ಷದಿಂದ ನಮ್ಮೂರು ಬ್ಲ್ಯಾಕ್ ರನ್ನಿನ ಮೈದಾನದ ಅಂಚಿನಲ್ಲಿ ಹಿಂದಿನ ಕೋಲು ನನ್ನದು, ಮುಂದಿನದು ಡ್ವೈಟ್ ಕೆಸ್ಲರ್‌ನದು. ಅಳೆಯಬೇಕಾಗಿ ಬಂದರೆ ಸರಪಳಿಯನ್ನು ಅಂಚಿನಿಂದ ಎತ್ತಿ, ನಡುವೆ ಇರುವ ಚೆಂಡಿನ ಹತ್ತಿರ ಒಯ್ದು, ಅದೇ ನೇರಕ್ಕೆ ಇಡಬೇಕು. ಅದಕ್ಕೆಂದೇ ಒಂದು ಕ್ಲಿಪ್ಪು. ಮೈದಾನದಲ್ಲಿ ಐದೈದು ಗಜಕ್ಕೆ ಒಂದು ಸುಣ್ಣದ ಗೆರೆ. ನಮ್ಮಲ್ಲಿ ಅದನ್ನು ಸರಪಳಿಯವರಿಗಾಗಿ ಅಂಚಿನ ಆಚೆಗೂ ಸ್ವಲ್ಪ ಎಳೆದಿರುತ್ತಾರೆ. ಸರಪಳಿ ಆ ಗೆರೆ ದಾಟುವ ಕಡೆ ಕ್ಲಿಪ್ಪು ಹಾಕಿಟ್ಟರೆ, ಒಳಗೆ ಹೋದಾಗ ಅಂಪೈರು ಕ್ಲಿಪ್ಪನ್ನು ಅದೇ ಗೆರೆಯ ಮೇಲಿಡುತ್ತಾನೆ, ನಾವು ಸರಪಳಿ ಬಿಗಿಯಾಗಿ ಎಳೆಯುತ್ತೇವೆ. ಮುಂದಿನ ಕೋಲು ಹೇಳಿದ್ದೇ ತೀರ್ಪು.

ಆದರೆ ಗೆರೆ ನಾಲ್ಕು ಇಂಚು ಅಗಲ. ಕ್ಲಿಪ್ಪು ಅದರ ಯಾವ ಅಂಚಿಗೆ? ಈಚೆಯದಕ್ಕೆ, ಯಾವಾಗಲೂ ಈಚೆಯದಕ್ಕೆ, ಹಿಂದಿನ ಕೋಲಿಗೆ ಹತ್ತಿರವಾದ ಅಂಚಿಗೆ. ನನಗೆ ಕೆಲಸ ಕಲಿಸಿದ್ದು ಮಾರ್ಲೀನಳ ಅಪ್ಪ, ಪ್ರಾಸರ್ ಮಾವ. “ಮೊಣಕಾಲು ಹುಲ್ಲಿನ ಮೇಲೆ, ಬೆರಳು ಸುಣ್ಣದ ಮೇಲೆ” ಎಂದು ಅವರು ನನಗೆ ಬಾಯಿಪಾಠ ಮಾಡಿಸಿದ್ದರು. ಗೆರೆಗಿಂತ ಮುಂಚೆಯೇ ಹುಲ್ಲಿನ ಮೇಲೆ ಮೊಣಕಾಲೂರಿ ಕೈ ಚಾಚಿದರೆ ಬೆರಳು ತಾನಾಗಿಯೇ ಈಚೆ ಅಂಚಿಗೆ ಹೋಗುತ್ತದೆ. ಮಾವ ತೀರಿಕೊಂಡ ಮೇಲೂ ನಾನು ಹಾಗಲ್ಲದೆ ಬೇರೆ ಥರ ಕೂತವನಲ್ಲ.

ರಾಜ್ಯದ ನಿಯಮದಲ್ಲಿ ನೂಕಿಗೆ ಅಡ್ಡಿಯಿಲ್ಲ. ಆದರೂ ನಮ್ಮ ಎಂಟು ಊರಿನ ಶಾಲೆಗಳು ತಮ್ಮತಮ್ಮಲ್ಲಿ ಬೇಡವೆಂದು ಮಾತು ಮಾಡಿಕೊಂಡರೆ ಅದು ನಡೆಯುತ್ತದೆ. ಎಂಟು ಕೋಚ್‌ಗಳಿಗೆ ಎಂಟು ಮತ. ನಾಲ್ಕು-ನಾಲ್ಕು ಆಗಿಬಿಟ್ಟರೆ, ಎಂಟೂ ಊರಿನ ಸರಪಳಿಯವರಲ್ಲಿ ಎಲ್ಲರಿಗಿಂತ ಹಳಬ ಯಾರೋ ಅವನದು ಒಂಬತ್ತನೆಯ ಮತ. ಸರಪಳಿ ಯಾರ ಮುಖವನ್ನೂ ನೋಡುವುದಿಲ್ಲ ಎಂದು ಅಜ್ಜಂದಿರು ಹಾಗೆ ಗೊತ್ತುಮಾಡಿದ್ದು. ಈಗ ಆ ಹಳಬ ನಾನು. ನಾಲ್ಕು-ನಾಲ್ಕು ಆಗುವುದು ಖಾತ್ರಿ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಮತ ಯಾವ ಕಡೆ ಎಂಬುದಂತೂ ಕ್ಷೌರದಂಗಡಿಯವರೆಗೂ ಗೊತ್ತಿತ್ತು.

ಮತ ಹಾಕುವ ಸಭೆಗೆ ಮುಂಚಿನ ಗುರುವಾರ ಮನೆಯಲ್ಲಿ ಎಲೆಕೋಸಿನ ಸುರುಳಿ ಮಾಡಿದ್ದಳು ಮಾರ್ಲೀನ್. ಟೋಬಿ ಆರನೆಯದನ್ನು ತಟ್ಟೆಗೆ ಹಾಕಿಕೊಳ್ಳುತ್ತಾ ಶುರುಮಾಡಿದ. ಅವನಿಗೆ ಹದಿನೇಳು ವರ್ಷ, ಇನ್ನೂರೆಂಬತ್ತು ಪೌಂಡು ತೂಕ, ನಡಿಗೆ ನಿಧಾನ. ಅವನೇ ಬ್ಲ್ಯಾಕ್ ರನ್ ಶಾಲೆಯ ಸೆಂಟರ್, ಶಾಲೆಯಲ್ಲಿ ಇದೇ ಅವನ ಕೊನೆಯ ವರ್ಷ.

“ಅಪ್ಪ, ಮಂಗಳವಾರ ನೀನು ಕೈ ಎತ್ತಿದ್ರೆ ಥ್ಯಾಂಕ್ಸ್‌ಗಿವಿಂಗ್ ಆಟದಲ್ಲಿ ನೂಕು ಇರಲ್ಲ.”

“ಇರಲ್ಲ.”

“ಅದು ನನ್ನ ಕೊನೇ ಆಟ.”

“ಅದಕ್ಕೇ ಹೇಳ್ತಿರೋದು. ಕೊನೇ ಆಟ ಆಡ್ಕೊಂಡು ಕುತ್ತಿಗೆ ನೆಟ್ಟಗಿಟ್ಕೊಂಡು ಮನೆಗೆ ಬಾ.”

ನನ್ನ ಅಣ್ಣ ಮಿಲನ್ ಹದಿನೆಂಟರಲ್ಲಿ ಇಂಥದ್ದೇ ಒಂದು ರಾಶಿಯ ಅಡಿಯಲ್ಲಿ ಸಿಕ್ಕಿದ್ದ. ಬದುಕಿದ. ಆದರೆ ನಲವತ್ತು ವರ್ಷದಿಂದ ಯಾರಾದರೂ ಕೂಗಿದರೆ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈ ತಿರುಗಿಸುತ್ತಾನೆ. ನನಗೆ ರಾಶಿ ಬಿದ್ದಾಗಲೆಲ್ಲ ಕಾಣುವುದು ಅದೇ.

“ದೊಡ್ಡಪ್ಪಂದು ಬೇರೆ ಕಾಲ,” ಅಂದ ಟೋಬಿ. “ಆಗ ತಲೆ ತಗ್ಸಿ ಗುದ್ದೋಕೆ ಹೇಳ್ಕೊಡ್ತಿದ್ರು. ನಮ್ಗೆ ಕೋಚು ತಲೆ ಎತ್ತಿಡೋದನ್ನೇ ಮೂರು ವಾರ ತಿದ್ದಿದಾರೆ.”

“ಅದೂ ಬಿಡು. ಹಿಂದಿಂದ ಇಬ್ರು ನೂಕಿ ಗೆದ್ದಿದ್ದು ಒಂದು ಗೆಲುವಾ?”

“ಹೋದ ಫೆಬ್ರವರೀಲಿ ನಿನ್ನ ಲಾರಿ ಚರಂಡಿಗೆ ಇಳಿದಾಗ ಹಿಂದಿಂದ ನೂಕಿದ್ದು ನಾನು. ಆವಾಗ ಈ ಪ್ರಶ್ನೆ ಕೇಳ್ಲಿಲ್ಲ ನೀನು.”

ಮಾರ್ಲೀನ್ ನಗು ತಡೆಯಲು ಕರವಸ್ತ್ರ ಬಾಯಿಗಿಟ್ಟುಕೊಂಡಳು. ನಾನು ಉಪ್ಪು ಕೇಳಿದೆ, ಉಪ್ಪು ನನ್ನ ಮುಂದೆಯೇ ಇತ್ತು.

ಟೋಬಿ ನಗಲಿಲ್ಲ. “ಒಂದನೇ ಕ್ಲಾಸಿಂದ ಎಲ್ರೂ ನಂಗೆ ಹೇಳಿರೋದು ಒಂದೇ ಮಾತು ಅಪ್ಪ. ಟೋಬಿ, ದಾರಿ ಬಿಡು. ಬಸ್ಸಲ್ಲಿ, ಕ್ಲಾಸಲ್ಲಿ, ಚರ್ಚಲ್ಲಿ. ಈ ನೂಕು ಬಂದಾಗ ಮಾತ್ರ, ಟೋಬಿ, ಬಾ ಅಂತಾರೆ.”

ನಾನು ಎದ್ದು ಹೋಗಿ ಕಸದ ಡಬ್ಬಿ ಹೊರಗಿಟ್ಟೆ. ಮನಸ್ಸು ಮಾತ್ರ ಬದಲಾಗಲಿಲ್ಲ.

ಮರುದಿನ ಶುಕ್ರವಾರ ಹೆಲ್ಮ್ಸ್‌ಬರ್ಗಿನವರು ನಮ್ಮಲ್ಲಿಗೆ ಬಂದಿದ್ದರು. ಆ ಊರಿನ ಜೊತೆ ವರ್ಷಕ್ಕೆ ಎರಡು ಆಟ, ಈ ವರ್ಷ ಎರಡೂ ನಮ್ಮ ಮೈದಾನದಲ್ಲೇ; ಎರಡನೆಯದು ನವೆಂಬರಿನ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬೆಳಿಗ್ಗೆ. ಕೊನೆಯ ಐದು ನಿಮಿಷ ಉಳಿದಿತ್ತು. ನಾವು ಹದಿನಾಲ್ಕು ಅಂಕ, ಅವರು ಹದಿಮೂರು, ಚೆಂಡು ನಮ್ಮದು. ಒಂದು ದೊಡ್ಡ ಗುದ್ದಾಟ ಆಗಿ ನಮಗೆ ಹತ್ತು ಗಜ ಸಿಕ್ಕಿತು. ಸರಪಳಿ ಹೊಸ ಜಾಗಕ್ಕೆ ಹೋಗಬೇಕಿತ್ತು. ನಾನು ಕೋಲು ಹಿಡಿದು ಓಡುತ್ತಾ ಮೈದಾನದ ಕಡೆ ನೋಡಿದೆ. ಎಲ್ಲರೂ ಎದ್ದಿದ್ದರು, ಟೋಬಿ ಮಾತ್ರ ಎದ್ದಿರಲಿಲ್ಲ. ಮುಖ ಅಡಿಯಾಗಿ ಬಿದ್ದಿದ್ದ, ಕೈ ಮಾತ್ರ ಹುಲ್ಲಿನಲ್ಲಿ ಆಡುತ್ತಿತ್ತು. ನಾನು ಕೋಲು ಊರಿದೆ, ಮುಂದೆ ಹೋದೆ, ಬಗ್ಗಿದೆ, ಕ್ಲಿಪ್ಪು ಹಾಕಿದೆ, ಎಲ್ಲವನ್ನೂ ಅವನನ್ನೇ ನೋಡುತ್ತಾ ಮಾಡಿದೆ. ಅಷ್ಟರಲ್ಲಿ ಅವನು ಎದ್ದು ಕೂತು ಹಲ್ಲಿನ ಗಾರ್ಡನ್ನು ಎತ್ತಿ ತೋರಿಸಿದ. ಅದು ಬಿದ್ದುಹೋಗಿತ್ತಂತೆ, ಹುಡುಕುತ್ತಿದ್ದನಂತೆ. ನನ್ನ ಎದೆ ಜಾಗಕ್ಕೆ ಬರಲು ಚೆಂಡು ಇನ್ನೆರಡು ಸಲ ಓಡಬೇಕಾಯಿತು.

ಮೂರು ಸಲದಲ್ಲಿ ಒಂಬತ್ತೂವರೆ ಗಜ ಆಯಿತು. ಎರಡು ನಿಮಿಷ ಬಾಕಿ. ಅರ್ಧ ಗಜ ಹೋದರೆ ಆಟ ನಮ್ಮದು. ಹೋಗದಿದ್ದರೆ ಚೆಂಡು ಅವರಿಗೆ, ಅಲ್ಲಿಂದ ಸ್ವಲ್ಪ ಮುಂದೆ ಬಂದು ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರು ಅಂಕ, ಅವರು ಗೆಲ್ಲಬಹುದಿತ್ತು. ಇಡೀ ಊರಿಗೆ ಗೊತ್ತಿತ್ತು ಏನು ಬರುತ್ತದೆಂದು. ನೂಕು ಬಂತು. ರಾಶಿ ಎದ್ದಿತು, ನಡುಗಿತು, ಬಿದ್ದಿತು. ಚೆಂಡು ಎಲ್ಲಿದೆ ಎಂದು ಕಣ್ಣಳತೆಗೆ ಸಿಗಲಿಲ್ಲ, ಅಂಪೈರು ನಮ್ಮನ್ನು ಕರೆದ. ಸರಪಳಿ ಒಳಗೆ ಒಯ್ದೆವು. ಅವನು ಕ್ಲಿಪ್ಪನ್ನು ಗೆರೆಯ ಈಚೆ ಅಂಚಿಗಿಟ್ಟ, ಡ್ವೈಟ್ ಎಳೆದ, ಕೋಲು ನೆಲಕ್ಕೆ ಬಂತು. ಚೆಂಡಿನ ಮೂತಿ ಕೋಲಿಗಿಂತ ಎರಡು ಇಂಚು ಮುಂದಿತ್ತು.

ನಮ್ಮವರ ಕೂಗಿಗೆ ಬೆಂಚುಗಳು ಅದುರಿದವು. ಸ್ಟ್ರಾಸ್ ಟೋಪಿ ತೆಗೆದು ನೆಲಕ್ಕೆ ಬಡಿದ. ಈ ವರ್ಷ ಬ್ಲ್ಯಾಕ್ ರನ್ ನೂಕಿದ್ದು ಅದು ಇಪ್ಪತ್ತೆರಡನೇ ಸಲ, ಇಪ್ಪತ್ತೆರಡೂ ಸಲ ಗೆದ್ದಿತ್ತು. ಟೋಬಿ ಒಬ್ಬನೇ ಕುಣಿಯಲಿಲ್ಲ. ಕೋಲನ್ನೇ ನೋಡುತ್ತಾ ನಿಂತಿದ್ದ. ಸುಸ್ತಾಗಿರಬೇಕು ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಮಾರ್ಲೀನ್ ಬಟ್ಟೆ ಒಗೆಯುವ ಕೋಣೆಯಿಂದ ಕರೆದಳು. “ಲೆನ್, ಸ್ವಲ್ಪ ಬಾ ಇಲ್ಲಿ. ಇದೇನಿದು?”

“ಪ್ಯಾಂಟು.”

“ಪ್ಯಾಂಟು ಅಂತ ನಂಗೂ ಕಾಣುತ್ತೆ. ಮೊಣಕಾಲಿಗೆ ಸುಣ್ಣ ಯಾಕೆ ಹತ್ತಿದೆ? ಮದುವೆಗೆ ಮುಂಚೆ ಅಪ್ಪನ ಪ್ಯಾಂಟು ಉಜ್ಜಿದೀನಿ, ಆಮೇಲೆ ನಿಂದು ಉಜ್ಜಿದೀನಿ. ಯಾವಾಗ ನೋಡಿದ್ರೂ ಹುಲ್ಲಿನ ಕಲೆ. ಸುಣ್ಣ ಇದೇ ಮೊದಲು.”

ನೋಡಿದೆ. ಬಲ ಮೊಣಕಾಲಿನ ಮೇಲೆ ಅಡ್ಡಕ್ಕೆ ಒಂದು ಬಿಳಿ ಪಟ್ಟಿ, ನೀಟಾಗಿ, ನಾಲ್ಕು ಬೆರಳು ಅಗಲ.

ಮಾರ್ಲೀನ್ ಸರಪಳಿಯವರ ಮಗಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊಣಕಾಲು ಗೆರೆಯ ಮೇಲೆ ಊರಿದ್ದರೆ ಚಾಚಿದ ಕೈ ಹೋಗುವುದು ಆಚೆ ಅಂಚಿಗೆ. ಕ್ಲಿಪ್ಪು ಆಚೆ ಅಂಚಿಗೆ ಬಿದ್ದು, ಒಳಗೆ ಅಂಪೈರು ಅದನ್ನು ಈಚೆ ಅಂಚಿಗಿಟ್ಟರೆ, ಇಡೀ ಸರಪಳಿ ನಾಲ್ಕು ಇಂಚು ಹಿಂದಕ್ಕೆ ಬರುತ್ತದೆ. ಚೆಂಡು ಕೋಲು ದಾಟಿದ್ದು ಎರಡು ಇಂಚು. ಅಂದರೆ ನಿಜವಾಗಿ ಅದು ಎರಡು ಇಂಚು ಹಿಂದೆಯೇ ಉಳಿದಿತ್ತು. ಹೆಲ್ಮ್ಸ್‌ಬರ್ಗಿನ ಹುಡುಗರು ನೂಕನ್ನು ನಿಲ್ಲಿಸಿದ್ದರು, ನಾನು ಅವರಿಂದ ಅದನ್ನು ಕಿತ್ತುಕೊಂಡಿದ್ದೆ.

“ಕ್ಲಿಪ್ಪು ಹಾಕೋವಾಗ ಎಲ್ಲಿ ನೋಡ್ತಿದ್ದೆ?” ಕೇಳಿದಳು.

“ಟೋಬಿನ.”

ಅವಳು ಬೈಯಲಿಲ್ಲ. ಪ್ಯಾಂಟನ್ನು ಒಗೆಯುವ ಮೆಷಿನ್ನಿಗೆ ಹಾಕದೆ ಮಡಚಿ ಪಕ್ಕಕ್ಕಿಟ್ಟಳು.

ಸುಣ್ಣ ಬೇರೆಲ್ಲೋ ಹತ್ತಿರಬಹುದು ಎಂದು ಮಧ್ಯಾಹ್ನದವರೆಗೆ ನನಗೆ ನಾನೇ ಹೇಳಿಕೊಂಡೆ. ಆಮೇಲೆ ತಡೆಯಲಾಗದೆ ಮೈದಾನಕ್ಕೆ ಹೊರಟೆ. ಟೋಬಿ ಕೇಳದೆಯೇ ಲಾರಿ ಹತ್ತಿದ. ಯಾಕೆ ಹೋಗುತ್ತಿದ್ದೇವೆಂದು ದಾರಿಯಲ್ಲೇ ಹೇಳಿದೆ. ಅವನು ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಮೈದಾನದಲ್ಲಿ ಯಾರೂ ಇರಲಿಲ್ಲ. ನಲವತ್ತನೇ ಗಜದ ಗೆರೆ ಅಂಚಿನ ಆಚೆಗೆ ಚಾಚಿಕೊಂಡಿರುವ ಕಡೆ ಸುಣ್ಣ ಅಳಿಸಿ ಒಂದು ಗುಳಿ ಬಿದ್ದಿತ್ತು, ಮೊಣಕಾಲಿನಷ್ಟು ದುಂಡಗೆ. ನಾನು ಬಗ್ಗಿ ಅದರಲ್ಲಿ ಮೊಣಕಾಲಿಟ್ಟು ಕೈ ಚಾಚಿದೆ. ಬೆರಳು ಆಚೆ ಅಂಚಿಗೆ ಮುಟ್ಟಿತು. ನನಗೆ ನಾಚಿಕೆಯಾಯಿತು, ಮಗನ ಮುಂದೆ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

“ನಂಗೆ ಗೊತ್ತಿತ್ತು,” ಅಂದ ಟೋಬಿ ಮೆಲ್ಲಗೆ.

“ಏನು ಗೊತ್ತಿತ್ತು?”

“ನಾವು ಮುಂದೆ ಹೋಗ್ಲಿಲ್ಲ ಅಂತ. ನನ್ನೆದುರು ಅರುವತ್ನಾಲ್ಕು ನಂಬರಿನವನು ಇದ್ದ, ಓರಿನ್ ಬೆಕ್. ನೂರರುವತ್ತು ಪೌಂಡೂ ಇಲ್ಲ ಅಪ್ಪ, ನನ್ನ ಒಂದು ತೊಡೆಯಷ್ಟಿದಾನೆ. ನನ್ನ ಕಂಕುಳಡಿ ಬಂದು ಸಿಕ್ಕಾಕ್ಕೊಂಡ. ಹಿಂದಿಂದ ಇಬ್ರು ನೂಕ್ತಿದಾರೆ, ನಾನು ನೂಕ್ತಿದೀನಿ, ಆ ಬಡಕಲ ಜರುಗ್ತಾನೇ ಇಲ್ಲ. ಮುಗೀತು ಅಂದ್ಕೊಂಡೆ. ಎದ್ದು ನೋಡಿದ್ರೆ, ಚೆಂಡು ಹೋಗಿದೆ ಅಂತ ನಿನ್ನ ಚೈನು ಹೇಳ್ತು.”

“ಹಾಗಾದ್ರೆ ಆವಾಗ್ಲೇ ಯಾಕೆ ಹೇಳ್ಲಿಲ್ಲ?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ಅಪ್ಪನ ಚೈನು ಹೋಗಿದೆ ಅಂದ್ರೆ ಹೋಗಿದೆ ಅಂತಾನೇ ಅಲ್ವಾ? ನಂಗೇ ತಪ್ಪು ಅನ್ನಿಸಿರ್ಬೇಕು ಅಂದ್ಕೊಂಡೆ.”

ಆ ಮಾತು ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ. ತನ್ನ ಮೈಗೇ ಗೊತ್ತಿದ್ದದ್ದನ್ನು ಹುಡುಗ ನನ್ನ ಮೇಲಿನ ನಂಬಿಕೆಗಾಗಿ ಬಿಟ್ಟುಕೊಟ್ಟಿದ್ದ.

“ಹೇಳಿದ್ರೆ ನಿನ್ನ ಕೈಯಿಂದ ಕೋಲು ಕಿತ್ಕೋತಾರೆ,” ಅಂದ.

“ಕಿತ್ಕೋಬೇಕು.”

“ನಮ್ಮ ಗೆಲುವಿಗೂ ಎಲ್ರೂ ಉಗೀತಾರೆ.”

“ಹ್ಞೂಂ.”

“ಹೇಳ್ದಿದ್ರೆ ಓರಿನ್‌ಗೆ ಯಾವತ್ತೂ ಗೊತ್ತಾಗಲ್ಲ,” ಅಂದು, ನನ್ನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ನನ್ನ ಮೊಣಕಾಲು ಇತ್ತೀಚೆಗೆ ಅಷ್ಟು ಸುಲಭವಾಗಿ ಏಳುವುದಿಲ್ಲ.

ಮಂಗಳವಾರ ಸಂಜೆ ಸಭೆ ಹೆಲ್ಮ್ಸ್‌ಬರ್ಗಿನ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ. ಎಂಟು ಕೋಚ್‌ಗಳು ಉದ್ದನೆಯ ಮೇಜಿಗೆ ಕೂತಿದ್ದರು, ಗೋಡೆಗುಂಟ ಊರವರು. ಟೋಬಿ ಮತ್ತು ಡ್ವೈಟ್ ಹಿಂದೆ ಕೂತರು. ನನ್ನ ಕೈಯಲ್ಲಿ ಒಂದು ಕಾಗದದ ಚೀಲವಿತ್ತು. ಊಟ ಕಟ್ಟಿಸಿಕೊಂಡು ಬಂದಿದ್ದಾನೆ ಎಂದು ಯಾರೋ ಗೇಲಿ ಮಾಡಿದರು.

ಸ್ಟ್ರಾಸ್ ಚೆನ್ನಾಗಿಯೇ ಮಾತಾಡಿದ. ಅವನು ಕೆಟ್ಟವನಲ್ಲ, ಸೋತು ಸೋತು ಬೇಸತ್ತವನು. “ಇಪ್ಪತ್ತೆರಡು ಸಲ ನೂಕಿದಾರೆ, ಇಪ್ಪತ್ತೆರಡೂ ಸಲ ಹೋಗಿದೆ. ಕತ್ತಿಗೆ ಗುರಾಣಿ ಇರ್ಬೇಕು, ಇಲ್ದಿದ್ರೆ ಅದು ಆಟ ಅಲ್ಲ. ನನ್ನ ಹುಡುಗ್ರು ಚಿಕ್ಕವರು. ಆ ಸಾಲು ಬಂದು ನಿಂತ ತಕ್ಷಣ ಅವರ ಮುಖ ನೋಡ್ಬೇಕು ನೀವು, ಆಡೋಕೆ ಮುಂಚೇನೇ ಸೋತಿರ್ತಾರೆ. ನಿಲ್ಲಿಸೋಕೇ ಆಗದ್ದನ್ನ ನಿಲ್ಲಿಸು ಅಂತ ಯಾವ ಮುಖ ಇಟ್ಕೊಂಡು ಅವರಿಗೆ ಹೇಳ್ಲಿ?”

ಕೈ ಎತ್ತಿದರು. ನಿಷೇಧ ಬೇಕು ಎಂದು ನಾಲ್ಕು, ಬೇಡ ಎಂದು ನಾಲ್ಕು. ಎಲ್ಲರೂ ನನ್ನ ಕಡೆ ತಿರುಗಿದರು. ಸ್ಟ್ರಾಸ್ ಆಗಲೇ ಕಾಗದ ಮಡಚಿ ಜೇಬಿಗಿಡುತ್ತಿದ್ದ.

ನಾನು ಎದ್ದು ನಿಂತೆ. “ಮತ ಹಾಕೋಕೆ ಮುಂಚೆ ಒಂದು ಮಾತು. ಇಪ್ಪತ್ತೆರಡಲ್ಲ, ಇಪ್ಪತ್ತೊಂದು. ಶುಕ್ರವಾರ ನೂಕು ಹೋಗಿರ್ಲಿಲ್ಲ. ಎರಡು ಇಂಚು ಹಿಂದೆ ನಿಂತಿತ್ತು. ಕ್ಲಿಪ್ಪನ್ನ ಆಚೆ ಅಂಚಿಗೆ ಹಾಕಿದ್ದು ನಾನು.”

ಡ್ವೈಟ್ “ಲೆನ್, ಏನ್ ಮಾತಾಡ್ತಿದೀಯ ಮಾರಾಯ” ಎಂದು ಹಿಂದಿನಿಂದ ಗೊಣಗಿದ.

ಸ್ಟ್ರಾಸ್ ಕಣ್ಣು ಸಣ್ಣದು ಮಾಡಿದ. “ಓಹೋ. ಬುದ್ಧಿವಂತ ಕಣಯ್ಯಾ ನೀನು. ನಿಲ್ಲಿಸೋಕಾಗುತ್ತೆ ಅಂತಾದ್ರೆ ನಿಷೇಧ ಬೇಡ, ಮಗನ ಆಟ ಉಳೀತು. ಮೂರು ದಿನ ಕೂತು ಕಟ್ಟಿದ ಕಥೆಯೋ ಇದು?”

ಕೋಪ ಬಂತು. ಆದರೆ ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಅಂದಿರುತ್ತಿದ್ದೆ. ಚೀಲದಿಂದ ಪ್ಯಾಂಟು ತೆಗೆದು ಮೇಜಿನ ಮೇಲೆ, ಕೋಚ್‌ಗಳ ಕಾಫಿ ಲೋಟಗಳ ನಡುವೆ ಹರಡಿದೆ. ಯಾರೋ ಕಿಸಕ್ಕೆಂದರು. “ನೋಡು. ನಿಮ್ಮಪ್ಪನೂ ಈ ಊರಲ್ಲಿ ಸರಪಳಿ ಹಿಡಿದವರು. ಮೊಣಕಾಲಿಗೆ ಸುಣ್ಣ ಹತ್ತಿದ್ರೆ ಏನರ್ಥ ಅಂತ ನಾನು ನಿಂಗೆ ಹೇಳ್ಬೇಕಾ? ನಲವತ್ತನೇ ಗೆರೇಲಿ ಗುಳಿ ಈಗ್ಲೂ ಇದೆ, ಹೋಗಿ ನೋಡ್ಕೊಂಡು ಬಾ.”

ಸ್ಟ್ರಾಸ್ ಬಗ್ಗಿ ಆ ಬಿಳಿ ಪಟ್ಟಿಯನ್ನು ನೋಡಿದ. ಬೆರಳಿಂದ ಮುಟ್ಟಿ, ಬೆರಳನ್ನು ನೋಡಿಕೊಂಡ. ತಲೆ ಎತ್ತಿದಾಗ ಅವನ ಮುಖ ಬೇರೆಯೇ ಆಗಿತ್ತು.

“ಅಂದ್ರೆ ನನ್ನ ಹುಡುಗ್ರು ನಿಲ್ಲಿಸಿದ್ರು.”

“ನಿಲ್ಲಿಸಿದ್ರು.”

“ಯಾರು?”

ನನಗಿಂತ ಮುಂಚೆ ಹಿಂದಿನಿಂದ ಟೋಬಿ ಹೇಳಿದ. “ಅರುವತ್ನಾಲ್ಕು, ಸರ್. ಓರಿನ್. ನನ್ನ ಕಂಕುಳಡಿ ಬಂದ.”

“ಓರಿನ್,” ಅಂದ ಸ್ಟ್ರಾಸ್, ಕೂತುಬಿಟ್ಟ. “ಅವನನ್ನ ಮುಂದಿನ ಆಟಕ್ಕೆ ಬೆಂಚಲ್ಲಿ ಕೂರಿಸ್ತೀನಿ ಅಂತ ನಿನ್ನೆ ತಾನೆ ಹೇಳಿದೆ.”

ನಾನು ಉಳಿದದ್ದನ್ನೂ ಹೇಳಿ ಮುಗಿಸಿದೆ. “ನಂಗೆ ಈ ನೂಕು ಇವತ್ತಿಗೂ ಹಿಡಿಸಲ್ಲ. ನನ್ನ ಅಣ್ಣನ ಕುತ್ತಿಗೆ ನೋಡಿದೀನಿ, ನಂಗೆ ಭಯ. ಆ ಭಯ ನನ್ನದು, ಅದನ್ನ ಎಂಟು ಊರಿಗೆ ಕಾನೂನು ಮಾಡೋದು ಸರಿಯಲ್ಲ. ನಿಲ್ಲಿಸೋಕಾಗಲ್ಲ ಅನ್ನೋದು ನಿಮ್ಮ ಕಾರಣ, ಅದು ಸುಳ್ಳಾಯ್ತು. ನಿಷೇಧ ಬೇಡ ಅಂತ ನನ್ನ ಮತ. ಒಂದೇ ಒಂದು ಕೇಳ್ಕೋತೀನಿ: ರಾಶಿ ಜರುಗೋದು ನಿಂತ ಕ್ಷಣ ಸೀಟಿ ಊದ್ಬೇಕು, ಆಮೇಲೆ ಒಬ್ಬನೂ ಮೇಲೆ ಬೀಳ್ಬಾರ್ದು. ಇನ್ನು ಕೋಲು. ಅದನ್ನ ಬೇರೆಯವರಿಗೆ ಕೊಡಿ.”

ಸೀಟಿಯ ಮಾತಿಗೆ ಎಂಟೂ ಕೈ ಎದ್ದವು. ಶುಕ್ರವಾರದ ಫಲಿತಾಂಶ ತಿದ್ದಬೇಕೇ ಎಂದು ಒಬ್ಬರು ಕೇಳಿದರು. ಅದು ಮುಗಿದ ಆಟ, ಹಾಗೇ ಇರಲಿ ಎಂದು ಸ್ಟ್ರಾಸ್ ಕೈಯಾಡಿಸಿದ. ಕೋಲಿನ ವಿಷಯಕ್ಕೆ ಬಂದಾಗಲೂ ಅವನೇ ಮಾತಾಡಿದ.

“ತನ್ನ ತಪ್ಪನ್ನ ಚೀಲದಲ್ಲಿ ಹಾಕ್ಕೊಂಡು ಬಂದು ಮೇಜಿನ ಮೇಲಿಡೋ ಮನುಷ್ಯನ್ನ ಬಿಟ್ಟು ಬೇರೆಯವರ ಕೈಗೆ ಸರಪಳಿ ಕೊಡೋಕೆ ನಂಗೇನು ತಲೆ ಕೆಟ್ಟಿದ್ಯಾ? ಥ್ಯಾಂಕ್ಸ್‌ಗಿವಿಂಗ್ ದಿನ ಇವನೇ ಹಿಡೀಲಿ. ಒಂದು ಷರತ್ತು. ಓರಿನ್‌ಗೆ ನಾನು ಹೇಳಲ್ಲ. ನೀನೇ ಬಂದು ಹೇಳ್ಬೇಕು. ಮತ್ತೆ ಈ ಪ್ಯಾಂಟು ತೆಗಿ ಇಲ್ಲಿಂದ, ಕಾಫಿ ಕುಡೀಬೇಕು.”

ಬುಧವಾರ ಮಧ್ಯಾಹ್ನ ನಾನೂ ಟೋಬಿಯೂ ಅವರ ಅಭ್ಯಾಸಕ್ಕೆ ಹೋದೆವು. ಓರಿನ್ ಬೆಕ್ ಬೆಂಚಿನ ತುದಿಯಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ. ಇಡೀ ತಂಡದ ಮುಂದೆ ಹೇಳಿದೆ: ನೀನು ಅವತ್ತು ನಿಲ್ಲಿಸಿದ್ದೆ, ಅಳೆದವನು ನಾನು, ತಪ್ಪು ನನ್ನದು. ಅವನು ನನ್ನ ಮುಖ ನೋಡಿದ, ಆಮೇಲೆ ಟೋಬಿಯ ಮುಖ ನೋಡಿದ.

“ನಂಗೆ ಅನ್ನಿಸಿತ್ತು,” ಅಂದ. “ಯಾರಿಗೂ ಹೇಳ್ಲಿಲ್ಲ. ಸೋತವನು ಹೇಳಿದ್ರೆ ಯಾರು ನಂಬ್ತಾರೆ ಅಂತ.”

“ನಂಗೂ ಅನ್ನಿಸಿತ್ತು ಕಣೋ,” ಅಂದ ಟೋಬಿ. “ಮುಂದಿನ ವಾರ ನೋಡ್ಕೋತೀನಿ ನಿನ್ನ.”

“ಬಾ. ಇನ್ನೊಂದು ಸಲ ಕಂಕುಳಡಿ ಬರ್ತೀನಿ. ವಾಸನೆ ಮಾತ್ರ ಸ್ವಲ್ಪ ಕಡಿಮೆ ಮಾಡ್ಕೊಂಡು ಬಾ.”

ಸುತ್ತಲಿನವರು ಹೋ ಎಂದು ನಕ್ಕರು. ಓರಿನ್‌ನ ಬೆನ್ನಿಗೆ ಗುದ್ದಿದರು, ಒಬ್ಬ ಅವನ ತಲೆಕೂದಲು ಕೆದರಿದ. ಮೈದಾನಕ್ಕೆ ಓಡುವಾಗ ಅವರಲ್ಲಿ ಒಬ್ಬನೂ ಆಡುವ ಮುಂಚೆಯೇ ಸೋತವನಂತೆ ಕಾಣಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಬೆಳಿಗ್ಗೆ ಇಬ್ಬನಿ ಗಟ್ಟಿಯಾಗಿ ಹುಲ್ಲು ಕರಕರ ಎನ್ನುತ್ತಿತ್ತು. ಎರಡೂ ಊರಿನವರು ನಮ್ಮ ಬೆಂಚುಗಳ ಮೇಲಿದ್ದರು. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದರ ಹೊತ್ತಿಗೆ ನಾವು ಏಳು, ಅವರು ಏಳು. ನಾಲ್ಕನೇ ಸಲ, ಅರ್ಧ ಗಜಕ್ಕೂ ಕಡಿಮೆ ಉಳಿದಿತ್ತು. ಟೋಬಿ ಚೆಂಡಿನ ಮೇಲೆ ಬಗ್ಗಿದ. ಎದುರಿಗೆ ಓರಿನ್ ಬೆಕ್ ನೆಲಕ್ಕೆ ಕೈಯೂರಿದ. ನೂಕು ಬಂತು. ನನ್ನ ಭಯ ಎಲ್ಲಿಗೂ ಹೋಗಿರಲಿಲ್ಲ. ಆದರೆ ಈ ಸಲ ನಾನು ಕಣ್ಣು ಬೇರೆ ಕಡೆ ಹಾಯಿಸಲಿಲ್ಲ. ಟೋಬಿಯ ತಲೆ ಎತ್ತಿಯೇ ಇತ್ತು, ಅವನು ಹೇಳಿದ್ದಂತೆಯೇ. ರಾಶಿ ನಿಂತಿತು, ಅಂಪೈರು ಆ ಕ್ಷಣವೇ ಸೀಟಿ ಊದಿದ, ಯಾರೂ ಮೇಲೆ ಬೀಳಲಿಲ್ಲ. ಅವನು ನಮ್ಮನ್ನು ಕರೆದ.

ಸರಪಳಿ ಒಳಗೆ ಒಯ್ಯುವಾಗ ಎಲ್ಲರೂ ನನ್ನ ಮೊಣಕಾಲು ನೋಡುತ್ತಿದ್ದಾರೆ ಅನ್ನಿಸಿತು, ನಿಜವಾಗಿಯೂ ನೋಡುತ್ತಿದ್ದರು. ರಾಶಿಯ ಬುಡದಿಂದ ಟೋಬಿ ಇನ್ನೂ ಎದ್ದಿರಲಿಲ್ಲ. ಕೋಲು ನೆಲಕ್ಕೆ ಬರುವ ಮುಂಚೆಯೇ ನನ್ನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದ. ಡ್ವೈಟ್ ಎಳೆದ. ಕೋಲು ಬಂತು. ಚೆಂಡು ಒಂದು ಬೆರಳು ಹಿಂದಿತ್ತು.

ಹೆಲ್ಮ್ಸ್‌ಬರ್ಗಿನವರ ಕೂಗು ಗುಡ್ಡಕ್ಕೆ ಬಡಿದು ವಾಪಸು ಬಂತು. ಟೋಬಿ ಎದ್ದು, ಕೆಳಗಿದ್ದ ಓರಿನ್‌ಗೆ ಕೈಕೊಟ್ಟು ಎಬ್ಬಿಸಿದ. ಮೈದಾನದ ಆಚೆಗೆ ನಡೆಯುತ್ತಾ ನನ್ನ ಪಕ್ಕ ಬಂದಾಗ ಅವನ ಮುಖದಲ್ಲಿ ನಗು ಇತ್ತು.

“ಈ ಸಲ ನಿನ್ನ ಚೈನೂ ನಾನೂ ಒಂದೇ ಮಾತು ಹೇಳಿದ್ವಿ ಅಪ್ಪ,” ಅಂದ.

ಅವನ ಹೆಲ್ಮೆಟ್ಟಿಗೆ ಒಂದು ತಟ್ಟಿದೆ. ಆಮೇಲೆ ಇನ್ನೆರಡು ಸಲ ನೂಕಿದರು, ಎರಡೂ ಸಲ ಹೋಯಿತು. ಹದಿನಾಲ್ಕು-ಹತ್ತರಿಂದ ನಾವು ಗೆದ್ದೆವು. ಯಾರೂ ಟೋಪಿ ನೆಲಕ್ಕೆ ಬಡಿಯಲಿಲ್ಲ.

ಮನೆಗೆ ಬಂದಾಗ ಟರ್ಕಿ ಓವನ್ನಿನಲ್ಲಿತ್ತು, ಮಿಲನ್ ಅಣ್ಣ ಆಗಲೇ ಮೇಜಿಗೆ ಕೂತಿದ್ದ. ನಾನೂ ಕೂರಲು ಹೋದೆ. ಮಾರ್ಲೀನ್ ಸೌಟು ಹಿಡಿದು ಅಡ್ಡ ನಿಂತಳು.

“ಮೊದ್ಲು ಮೊಣಕಾಲು ತೋರ್ಸು.”

ತೋರಿಸಿದೆ. ಅವಳು ಬಗ್ಗಿ, ಕನ್ನಡಕ ಮೂಗಿಗೆ ಇಳಿಸಿ, ತನ್ನ ಅಪ್ಪನದನ್ನು ಎಷ್ಟು ಸಲ ನೋಡಿದ್ದಳೋ ಹಾಗೆ ನೋಡಿದಳು.

“ಹುಲ್ಲು,” ಅಂದಳು. “ಕೂತ್ಕೋ, ಬಡಿಸ್ತೀನಿ.”